ಆರು ಮಂದಿಗೊಬ್ಬ ಸೀನಿಯರ್: 2009ರ ನಿಯಮ ಇನ್ನಾದರೂ ತರಗತಿಗೆ ಬರಲಿ

ಹಳ್ಳಿಯ ಮಕ್ಕಳು ಮೊದಲ ವರ್ಷದ ಬಿಎಸ್ಸಿಯಲ್ಲಿ ಎಡವುವುದೇಕೆ ಎಂದು ಯಾವುದೇ ಕಾಲೇಜಿನಲ್ಲಿ ಕೇಳಿದರೂ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ಅವರಿಗೆ ಬೇಸಿಕ್ಸ್ ಇಲ್ಲ. ಈ ಉತ್ತರದಲ್ಲಿ ಸತ್ಯದ ಒಂದು ಎಳೆ ಇದೆ. ಆದರೆ ಅದನ್ನು ಹೇಳಿದ ಕೂಡಲೇ ಮಾತು ಮುಗಿದುಹೋಗುತ್ತದೆ, ಕಾಲೇಜು ಮಾಡಬೇಕಾದ್ದು ಏನೂ ಉಳಿಯುವುದಿಲ್ಲ. ಚನ್ನಗಿರಿ ತಾಲ್ಲೂಕಿನ ನಲ್ಲೂರಿನಿಂದಲೋ ಜಗಳೂರಿನ ಮಳೆಯಾಶ್ರಿತ ಹಳ್ಳಿಯೊಂದರಿಂದಲೋ ಹೊನ್ನಾಳಿ, ನ್ಯಾಮತಿಯ ಕಡೆಯಿಂದಲೋ ಹೊರಟು ತಾಲ್ಲೂಕು ಕೇಂದ್ರದ ಕಾಲೇಜಿಗೆ, ಇಲ್ಲವೇ ದಾವಣಗೆರೆಯ ಡಿಆರ್‌ಎಂ, ಶಿವಮೊಗ್ಗದ ಸಹ್ಯಾದ್ರಿಯಂಥ ವಿಜ್ಞಾನ ಕಾಲೇಜಿಗೆ ಸೇರುವ ಹುಡುಗಿಯನ್ನು ನೆನೆಯೋಣ. ಆಕೆ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾಳೆ, ಪಿಯು ವಿಜ್ಞಾನ ಪಾಸಾಗಿದ್ದಾಳೆ. ಎರಡು ಪಬ್ಲಿಕ್ ಪರೀಕ್ಷೆಗಳನ್ನು ದಾಟಿ ಬಂದವಳಿಗೆ ಬುದ್ಧಿ ಸಾಲದು ಎನ್ನುವುದು ಅನ್ಯಾಯ. ಮೊದಲ ಸೆಮಿಸ್ಟರ್‌ನಲ್ಲಿ ಆಕೆಗೆ ಸಾಲದಿರುವುದು ಬೇರೆಯೇ ಇದೆ. ಅದನ್ನು ಕೊಡಬಲ್ಲವರು ಅದೇ ಕಾಲೇಜಿನ ಎರಡನೇ, ಮೂರನೇ ವರ್ಷದ ಬೆಂಚುಗಳಲ್ಲೇ ಕುಳಿತಿದ್ದಾರೆ. ಅವರನ್ನು ಈ ಕೆಲಸಕ್ಕೆ ಕ್ರಮವಾಗಿ, ವೇಳಾಪಟ್ಟಿಯೊಳಗೆ, ಸಂಭಾವನೆ ಕೊಟ್ಟು ತೊಡಗಿಸಬೇಕು ಎಂಬುದು ನನ್ನ ವಾದ.

ಮೊದಲು ಆ ಕೊರತೆ ಯಾವುದೆಂದು ನೋಡಬೇಕು. ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿದ ವಿದ್ಯಾರ್ಥಿಗೆ ‘ಸಂವೇಗ’ ಗೊತ್ತು, ‘ವೇಗೋತ್ಕರ್ಷ’ ಗೊತ್ತು, ‘ವಕ್ರೀಭವನ’ ಗೊತ್ತು. ಪಿಯು ವಿಜ್ಞಾನಕ್ಕೆ ಕಾಲಿಟ್ಟ ದಿನ ಅವೆಲ್ಲ ಮೊಮೆಂಟಮ್, ಆ್ಯಕ್ಸಲರೇಷನ್, ರಿಫ್ರಾಕ್ಷನ್ ಆಗುತ್ತವೆ. ಹಳೆಯ ಪದಕ್ಕೂ ಹೊಸ ಪದಕ್ಕೂ ಗಂಟು ಹಾಕಿಕೊಡುವವರು ಇಲ್ಲದಿದ್ದರೆ ಹೈಸ್ಕೂಲಿನಲ್ಲಿ ಅರ್ಥವಾಗಿದ್ದ ವಿಷಯವೂ ಬಾಯಿಪಾಠದ ಸಾಲಾಗಿ ಬದಲಾಗುತ್ತದೆ. ಪಿಯುನ ಎರಡು ವರ್ಷ ಸಿಇಟಿ, ನೀಟ್‌ಗಳ ಬಹು ಆಯ್ಕೆಯ ಪ್ರಶ್ನೆಗಳ ಭರದಲ್ಲಿ ಕಳೆದುಹೋಗುತ್ತವೆ. ಬಿಎಸ್ಸಿಗೆ ಬಂದರೆ ಆಟದ ನಿಯಮವೇ ಬೇರೆ. ಸೂತ್ರ ಹಾಕಿ ಲಿಮಿಟ್ ಕಂಡುಹಿಡಿಯುತ್ತಿದ್ದವಳಿಗೆ ಲಿಮಿಟ್ ಎಂದರೇನೆಂದು ವ್ಯಾಖ್ಯೆ ಕೊಟ್ಟು ಸಾಧಿಸು ಎನ್ನುತ್ತಾರೆ. ಲ್ಯಾಬಿನಲ್ಲಿ ಟೈಟ್ರೇಷನ್ ಮಾಡುವಾಗ ಬ್ಯುರೆಟ್ಟಿನ ಮೂತಿಯಲ್ಲಿ ಗಾಳಿಗುಳ್ಳೆ ಉಳಿಯಬಾರದು. ತಿಳಿಗುಲಾಬಿ ಬಣ್ಣ ಮೊದಲು ನಿಂತ ಹನಿಗೇ ಕೈ ನಿಲ್ಲಬೇಕು, ಕಡುಗುಲಾಬಿಯಾದರೆ ಎಂಡ್ ಪಾಯಿಂಟ್ ದಾಟಿತು. ಇಂಥವು ಪುಸ್ತಕದಲ್ಲಿ ಒಂದು ಸಾಲಿನಲ್ಲಿರುತ್ತವೆ, ಕೈಗೆ ಹತ್ತುವುದು ಪಕ್ಕದಲ್ಲಿ ನಿಂತವರು ತೋರಿಸಿದಾಗ. ರೆಕಾರ್ಡ್ ಹೇಗೆ ಬರೆಯಬೇಕು, ಇಂಟರ್ನಲ್ಸ್ ಅಂಕ ಎಲ್ಲೆಲ್ಲಿಂದ ಬರುತ್ತದೆ, ಒಂದು ಪೇಪರ್ ಬಾಕಿ ಉಳಿದರೆ ಮುಂದೇನು, ವಿದ್ಯಾರ್ಥಿವೇತನದ ಅರ್ಜಿಗೆ ಯಾವ ಕಾಗದ ಬೇಕು ಇವೆಲ್ಲ ಯಾರೂ ಬರೆದಿಡದ ಪಾಠಗಳು. ಮನೆಯಲ್ಲಿ ಪದವಿ ಓದಿದ ಅಕ್ಕನೋ ಮಾವನೋ ಇದ್ದವರಿಗೆ ಅವು ಊಟದ ಹೊತ್ತಿನಲ್ಲೇ ಸಿಗುತ್ತವೆ. ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವಳಿಗೆ ಎಲ್ಲಿಂದ ಸಿಗಬೇಕು?

ಮೇಷ್ಟ್ರನ್ನು ಕೇಳಬಹುದಲ್ಲ ಎನ್ನಬಹುದು. ಕೇಳಬೇಕು ಕೂಡ. ಆದರೆ ಎಂಬತ್ತು ಜನರ ತರಗತಿಯಲ್ಲಿ ಎದ್ದು ನಿಂತು, ಸರಾಗವಾಗಿ ಬಾರದ ಇಂಗ್ಲಿಷಿನಲ್ಲಿ, ತನಗೆ ಅರ್ಥವಾಗದ್ದನ್ನು ಕೇಳುವುದಕ್ಕೆ ಎಂಥ ಧೈರ್ಯ ಬೇಕೆಂಬುದನ್ನು ಮರೆಯಬಾರದು. ಇನ್ನೊಂದು ತೊಡಕೂ ಇದೆ. ಒಂದು ವಿಷಯವನ್ನು ಇಪ್ಪತ್ತು ವರ್ಷದಿಂದ ಬಲ್ಲವರಿಗೆ ಅದು ಒಮ್ಮೆ ತಮಗೂ ಕಷ್ಟವಾಗಿತ್ತೆಂಬ ನೆನಪೇ ಮಾಸಿರುತ್ತದೆ. ಕಲಿಯುವವರು ಯಾವ ಹೆಜ್ಜೆಯಲ್ಲಿ ಮುಗ್ಗರಿಸುತ್ತಾರೆಂಬುದು ಕಣ್ಣಿಗೆ ಬೀಳುವುದಿಲ್ಲ. ಎರಡು ವರ್ಷದ ಹಿಂದೆ ಅದೇ ಹೆಜ್ಜೆಯಲ್ಲಿ ಮುಗ್ಗರಿಸಿ ಎದ್ದವಳಿಗೆ ಆ ನೆನಪು ಹಸಿಯಾಗಿರುತ್ತದೆ. ‘ಮೊಮೆಂಟಮ್ ಅಂದ್ರೆ ನಾವು ಹೈಸ್ಕೂಲಲ್ಲಿ ಓದಿದ್ವಲ್ಲ, ಅದೇ ಸಂವೇಗ ಕಣೇ’ ಎಂದು ಮೂರನೇ ವರ್ಷದ ಅಕ್ಕ ಒಂದು ಮಾತಿನಲ್ಲಿ ಹೇಳುವುದನ್ನು ಅರ್ಧ ಗಂಟೆಯ ಉಪನ್ಯಾಸವೂ ಹೇಳಲಾರದೆ ಹೋಗಬಹುದು. ಆ ಅಕ್ಕ ಮೇಷ್ಟ್ರಿಗಿಂತ ಹೆಚ್ಚು ಬಲ್ಲವಳಲ್ಲ. ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ಮಾತ್ರ ಚೆನ್ನಾಗಿ ಬಲ್ಲಳು.

ಇದನ್ನು ಹೊಸ ಯೋಜನೆಯೆಂದು ಯಾರೂ ಗಾಬರಿಯಾಗಬೇಕಿಲ್ಲ. ನಿಯಮ ಈಗಾಗಲೇ ಇದೆ. ರ‍್ಯಾಗಿಂಗ್ ತಡೆಗಾಗಿ ಯುಜಿಸಿ 2009ರಲ್ಲಿ ಹೊರಡಿಸಿದ ನಿಯಮಾವಳಿಯನ್ನು ನಾವೆಲ್ಲ ನೆನಪಿಟ್ಟುಕೊಂಡಿರುವುದು ಶಿಕ್ಷೆಯ ಕಲಮುಗಳಿಗಾಗಿ, ಪೋಷಕರು ಸಹಿ ಹಾಕುವ ಅಫಿಡವಿಟ್ಟಿಗಾಗಿ. ಅದೇ ನಿಯಮಾವಳಿಯಲ್ಲಿ ಇನ್ನೊಂದು ಮಾತಿದೆ: ಪ್ರತಿ ಶೈಕ್ಷಣಿಕ ವರ್ಷದ ಕೊನೆಯಲ್ಲಿ ಕಾಲೇಜು ಒಂದು ಮಾರ್ಗದರ್ಶಕ ಘಟಕವನ್ನು ರಚಿಸಬೇಕು, ಮುಂದಿನ ವರ್ಷ ಬರುವ ಹೊಸಬರಿಗೆ ಮೆಂಟರ್ ಆಗಲು ತಾವಾಗಿ ಮುಂದೆ ಬಂದ ವಿದ್ಯಾರ್ಥಿಗಳು ಅದರಲ್ಲಿರಬೇಕು, ಆರು ಹೊಸಬರಿಗೆ ಒಬ್ಬ ಮೆಂಟರ್, ಅಂಥ ಆರು ಮೆಂಟರುಗಳಿಗೆ ಮೇಲಿನ ಹಂತದ ಒಬ್ಬ ಮೆಂಟರ್. ಲೆಕ್ಕ ಸರಳ. ಮೊದಲ ವರ್ಷದಲ್ಲಿ 36 ಮಂದಿಯಿದ್ದರೆ ಎರಡನೇ ವರ್ಷದ ಆರು, ಮೂರನೇ ವರ್ಷದ ಒಬ್ಬರು ಸಾಕು. ಕರ್ನಾಟಕವು 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆ. ಈ ಏಣಿ ಆ ಮೂರು ಮೆಟ್ಟಿಲುಗಳಿಗೆ ಅಳೆದು ಮಾಡಿದಂತಿದೆ. ಆದರೆ ನಮ್ಮ ಕಾಲೇಜುಗಳಲ್ಲಿ ಮೆಂಟರ್ ಎಂದರೆ ಇಂದು ಅಧ್ಯಾಪಕ, ಮೆಂಟರಿಂಗ್ ಎಂದರೆ ನ್ಯಾಕ್ ಮೌಲ್ಯಮಾಪನಕ್ಕೆ ಒದಗಿಸಬೇಕಾದ ಒಂದು ಅನುಪಾತ. 2019ರಲ್ಲಿ ಬಂದ ‘ದೀಕ್ಷಾರಂಭ’ ಒಳ್ಳೆಯ ಹೆಜ್ಜೆಯೇ, ಆದರೆ ಸ್ವಾಗತದ ಆ ಕಾರ್ಯಕ್ರಮ ವರ್ಷಾರಂಭದ ಕೆಲವು ವಾರಗಳಿಗೆ ಮುಗಿಯುತ್ತದೆ. ಕಷ್ಟ ಶುರುವಾಗುವುದು ಮೊದಲ ಇಂಟರ್ನಲ್ಸ್ ಅಂಕ ಕೈಗೆ ಬಂದ ದಿನ. ಆ ದಿನ ವಿದ್ಯಾರ್ಥಿಯ ಪಕ್ಕದಲ್ಲಿ ಯಾರೂ ಇರುವುದಿಲ್ಲ.

ಹಿರಿಯ ವಿದ್ಯಾರ್ಥಿ ಕಿರಿಯರಿಗೆ ಕಲಿಸುವುದು ಹೊರಗಿನಿಂದ ತಂದ ಪದ್ಧತಿಯೆಂದು ತಿಳಿದವರು 1823ರ ಬಳ್ಳಾರಿಯನ್ನೊಮ್ಮೆ ನೋಡಬೇಕು. ಜಗಳೂರು ಸೀಮೆಗೆ ಅಂಟಿಕೊಂಡಂತಿದ್ದ, ಇಂದಿನ ಅನಂತಪುರವನ್ನೂ ಒಳಗೊಂಡಿದ್ದ ಆ ದೊಡ್ಡ ಜಿಲ್ಲೆಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ ಆ ವರ್ಷ ಮದ್ರಾಸ್ ಸರ್ಕಾರಕ್ಕೆ ಊರೊಟ್ಟಿನ ಶಾಲೆಗಳ ವರದಿ ಕಳಿಸಿದ. ಜಿಲ್ಲೆಯಲ್ಲಿ 533 ಶಾಲೆ, 6,641 ವಿದ್ಯಾರ್ಥಿಗಳು. ಅವುಗಳಲ್ಲಿ 235 ಕನ್ನಡ ಶಾಲೆಗಳು. ಮುಂದುವರಿದ ಹುಡುಗರು ಹಿಂದಿನವರಿಗೆ ಕಲಿಸುತ್ತ ತಮ್ಮ ಕಲಿಕೆಯನ್ನೂ ಗಟ್ಟಿ ಮಾಡಿಕೊಳ್ಳುವ ಕ್ರಮವನ್ನು ಅವನು ಮೆಚ್ಚಿ ಬರೆದ, ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಯೋಗ್ಯವೇ ಎಂದ. ಆ ಅನುಕರಣೆಯ ಕಥೆಯೂ ದಕ್ಷಿಣದ್ದೇ. ಮದ್ರಾಸಿನ ಎಗ್ಮೋರಿನ ಅನಾಥಾಲಯದ ಮೇಲ್ವಿಚಾರಕನಾಗಿದ್ದ ಆ್ಯಂಡ್ರೂ ಬೆಲ್, ಮರಳಿನ ಮೇಲೆ ಬರೆದು ಕಲಿಯುತ್ತಿದ್ದ ದೇಸಿ ಶಾಲೆಯ ಮಕ್ಕಳನ್ನು ಕಂಡು ತನ್ನ ಶಾಲೆಯಲ್ಲೂ ಹಿರಿಯ ಮಕ್ಕಳಿಂದ ಕಿರಿಯರಿಗೆ ಪಾಠ ಹೇಳಿಸಿದ. 1797ರಲ್ಲಿ ಲಂಡನ್ನಿನಲ್ಲಿ ಅದನ್ನು ಪ್ರಕಟಿಸಿದ. ‘ಮದ್ರಾಸ್ ಪದ್ಧತಿ’ ಎಂಬ ಹೆಸರಿನಲ್ಲೇ ಅದು ಬ್ರಿಟನ್ನಿನ ಸಾವಿರಾರು ಬಡ ಮಕ್ಕಳ ಶಾಲೆಗಳಿಗೆ ಹರಡಿತು. ಐಗಳ ಶಾಲೆಯ ಜಗುಲಿಯಲ್ಲಿ ನಡೆಯುತ್ತಿದ್ದ ಕ್ರಮ ಸಮುದ್ರ ದಾಟಿತು.

ಆದರೆ ಈ ಚರಿತ್ರೆಯನ್ನು ಹೆಮ್ಮೆಗೆ ಮಾತ್ರ ಬಳಸಿಕೊಂಡರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಅದೇ ಕ್ಯಾಂಬೆಲ್, ಮಕ್ಕಳು ಅರ್ಥ ತಿಳಿಯದೆ ಗಿಳಿಪಾಠ ಒಪ್ಪಿಸುತ್ತಾರೆಂದೂ ಬರೆದಿದ್ದಾನೆ. ಇಂಗ್ಲೆಂಡಿನಲ್ಲಿ ಆ ಪದ್ಧತಿ ಹರಡಿದ್ದಕ್ಕೆ ದೊಡ್ಡ ಕಾರಣ ಅದರ ಅಗ್ಗತನ: ಒಬ್ಬ ಮೇಷ್ಟ್ರನ್ನಿಟ್ಟು ನೂರಾರು ಮಕ್ಕಳನ್ನು ನಿಭಾಯಿಸಬಹುದಿತ್ತು. ತರಬೇತಿಯಿಲ್ಲದ ಮಕ್ಕಳ ಕೈಗೆ ಇಡೀ ಪಾಠವನ್ನೇ ಕೊಟ್ಟಾಗ ಉಳಿದದ್ದು ಒಪ್ಪಿಸುವ ಯಂತ್ರ. ಹತ್ತೊಂಬತ್ತನೇ ಶತಮಾನದ ನಡುವಿನ ಹೊತ್ತಿಗೆ ಅವರೇ ಅದನ್ನು ಕೈಬಿಟ್ಟರು. ಈ ಸೋಲಿನಿಂದ ಇಂದಿಗೂ ಕಲಿಯುವುದಿದೆ. ಹಿರಿಯ ವಿದ್ಯಾರ್ಥಿಯನ್ನು ಮೇಷ್ಟ್ರ ಜಾಗಕ್ಕೆ ಕೂರಿಸಿದರೆ ವ್ಯವಸ್ಥೆ ಕೆಡುತ್ತದೆ. ಮೇಷ್ಟ್ರ ಪಾಠ ಮುಗಿದ ಮೇಲೆ ಗುಂಪಾಗಿ ಲೆಕ್ಕ ಬಿಡಿಸುವ ಜಾಗಕ್ಕೆ ಕೂರಿಸಿದರೆ ಕೆಲಸ ಮಾಡುತ್ತದೆ.

ಎರಡನೆಯದಕ್ಕೆ ಆಧಾರ ಕಳೆದ ಐವತ್ತು ವರ್ಷಗಳ ಅನುಭವದಲ್ಲಿದೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಯೂರಿ ಟ್ರೈಸ್ಮನ್ ಎಂಬ ಗಣಿತ ಸಂಶೋಧಕ, ಕ್ಯಾಲ್ಕ್ಯುಲಸ್‌ನಲ್ಲಿ ಕಪ್ಪು ಜನಾಂಗದ ವಿದ್ಯಾರ್ಥಿಗಳೇಕೆ ಹೆಚ್ಚಾಗಿ ನಪಾಸಾಗುತ್ತಾರೆ ಎಂದು ಹುಡುಕಹೊರಟ. ಸಹೋದ್ಯೋಗಿಗಳು ಅಂದಾಜು ಮಾಡಿದ್ದ ಕಾರಣಗಳು ನಮಗೂ ಪರಿಚಿತ: ಆಸಕ್ತಿ ಕಡಿಮೆ, ತಳಪಾಯ ಸರಿಯಿಲ್ಲ, ಮನೆಯ ಪ್ರೋತ್ಸಾಹ ಇಲ್ಲ. ಅವನು ಜೊತೆಗಿದ್ದು ಗಮನಿಸಿದಾಗ ಈ ಯಾವುದೂ ನಿಲ್ಲಲಿಲ್ಲ. ಚೆನ್ನಾಗಿ ಮಾಡುತ್ತಿದ್ದ ಚೀನೀ ಮೂಲದ ವಿದ್ಯಾರ್ಥಿಗಳು ಒಬ್ಬೊಬ್ಬರೇ ಓದಿ, ಆಮೇಲೆ ಸಂಜೆ ಒಟ್ಟಿಗೆ ಕುಳಿತು ಲೆಕ್ಕ ಹೋಲಿಸಿ ನೋಡುತ್ತಿದ್ದರು. ಕಪ್ಪು ವಿದ್ಯಾರ್ಥಿಗಳು ಅಷ್ಟೇ ಶ್ರಮಪಟ್ಟು ಒಂಟಿಯಾಗಿ ಓದುತ್ತಿದ್ದರು. ತಾನು ತಪ್ಪಿದ್ದು ಎಲ್ಲಿ ಎಂದು ಪರೀಕ್ಷೆಯ ತನಕ ಗೊತ್ತೇ ಆಗುತ್ತಿರಲಿಲ್ಲ. ಟ್ರೈಸ್ಮನ್ ಶುರುಮಾಡಿದ ಗುಂಪು ಅಧ್ಯಯನ ರಿಮೀಡಿಯಲ್ ಕ್ಲಾಸ್ ಆಗಿರಲಿಲ್ಲ. ಅವನು ಕೊಟ್ಟದ್ದು ಮಾಮೂಲಿಗಿಂತ ಕಠಿಣ ಲೆಕ್ಕಗಳನ್ನು. ನಿಮ್ಮಿಂದ ಆಗುವುದಿಲ್ಲ ಎಂದು ಹೇಳದೆ, ನಿಮ್ಮಿಂದ ಇನ್ನೂ ಹೆಚ್ಚಿನದು ಆಗುತ್ತದೆ ಎಂದು ಹೇಳಿದ. ಫಲಿತಾಂಶ ಎದ್ದು ಕಾಣುವಂತೆ ಸುಧಾರಿಸಿತು. ನಮ್ಮಲ್ಲಿ ‘ನಿಧಾನ ಕಲಿಕೆಯವರು’ ಎಂದು ಪಟ್ಟಿ ಮಾಡಿ ಪ್ರತ್ಯೇಕ ತರಗತಿಗೆ ಕಳಿಸುವ ರೂಢಿಯಿದೆ. ಆ ಪಟ್ಟಿಯಲ್ಲಿ ಹೆಸರು ಕಂಡ ಹುಡುಗ ಮರುದಿನದಿಂದ ಹಿಂದಿನ ಬೆಂಚಿಗೆ ಸರಿಯುತ್ತಾನೆ. ಒಳ್ಳೆಯ ಉದ್ದೇಶದ ಕೆಲಸವೇ ಮಗುವಿನ ಮನಸ್ಸಿಗೆ ಪೆಟ್ಟು ಕೊಡುವ ಬಗೆ ಇದು.

ಮಿಸ್ಸೂರಿ ವಿಶ್ವವಿದ್ಯಾಲಯದ ಕಾನ್ಸಾಸ್ ಸಿಟಿ ಶಾಖೆಯಲ್ಲಿ 1973ರಲ್ಲಿ ಆರಂಭವಾಗಿ ಹಲವು ದೇಶಗಳಿಗೆ ಹಬ್ಬಿದ ಪೂರಕ ಬೋಧನೆಯ ಕ್ರಮವೂ ಇದೇ ವಿವೇಕದ ಮೇಲೆ ನಿಂತಿದೆ. ಅಲ್ಲಿ ದುರ್ಬಲ ವಿದ್ಯಾರ್ಥಿಯನ್ನು ಗುರುತಿಸುವುದಿಲ್ಲ, ಕಷ್ಟದ ಪೇಪರನ್ನು ಗುರುತಿಸುತ್ತಾರೆ. ಆ ಪೇಪರ್ ತೆಗೆದುಕೊಂಡ ಎಲ್ಲರಿಗೂ ಬಾಗಿಲು ತೆರೆದಿರುತ್ತದೆ. ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ 1990ರ ದಶಕದ ಆರಂಭದಲ್ಲಿ ರಸಾಯನಶಾಸ್ತ್ರಕ್ಕಾಗಿ ರೂಪುಗೊಂಡ ಇನ್ನೊಂದು ಕ್ರಮದಲ್ಲಿ ಆರರಿಂದ ಎಂಟು ಮಂದಿಗೆ ಒಬ್ಬ ಹಿರಿಯ ವಿದ್ಯಾರ್ಥಿ. ಅವನಿಗೆ ತರಬೇತಿ ಉಂಟು, ವಾರಕ್ಕೊಮ್ಮೆ ಅಧ್ಯಾಪಕರ ಜೊತೆ ಕೂರುವುದುಂಟು, ಆದರೆ ಉತ್ತರಪಟ್ಟಿ ಮಾತ್ರ ಇಲ್ಲ. ಉತ್ತರ ಗುಂಪಿನ ಚರ್ಚೆಯಿಂದಲೇ ಹುಟ್ಟಬೇಕು. ಇಂಥ ಕೂಟಗಳಿಗೆ ತಾವಾಗಿ ಬರುವವರು ಮೊದಲೇ ಶ್ರದ್ಧೆಯುಳ್ಳವರು, ಅವರ ಅಂಕ ಹೆಚ್ಚಿದ್ದರಲ್ಲಿ ಆಶ್ಚರ್ಯವೇನು ಎಂಬ ತಕರಾರು ಸಂಶೋಧಕರಲ್ಲೇ ಇದೆ. ಅದು ನ್ಯಾಯವಾದ ತಕರಾರು. ಹಾಗಾಗಿ ಇನ್ನೂ ಅಗಲವಾದ ಪುರಾವೆಯನ್ನು ನೋಡುವುದು ಒಳ್ಳೆಯದು. 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ವಿಜ್ಞಾನ, ಎಂಜಿನಿಯರಿಂಗ್, ಗಣಿತದ ಪದವಿ ತರಗತಿಗಳ 225 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಬರೀ ಉಪನ್ಯಾಸ ಕೇಳುವ ತರಗತಿಗಳಲ್ಲಿ ಸರಾಸರಿ ಶೇ 33.8ರಷ್ಟು ಮಂದಿ ನಪಾಸಾದರೆ, ವಿದ್ಯಾರ್ಥಿಗಳು ತಾವೇ ಚರ್ಚಿಸಿ ಬಿಡಿಸುವ ಕೆಲಸವಿದ್ದ ಕಡೆ ಅದು ಶೇ 21.8. ಈ ಅಧ್ಯಯನಗಳೆಲ್ಲ ಸೀನಿಯರ್ ಮೆಂಟರುಗಳ ಬಗ್ಗೆಯೇ ಅಲ್ಲ. ಆದರೆ ಕೇಳುವುದಕ್ಕಿಂತ ಕೂಡಿ ಮಾಡುವುದು ವಿಜ್ಞಾನದ ಕಲಿಕೆಗೆ ಹತ್ತಿರ ಎಂಬುದನ್ನು ಅವು ಗಟ್ಟಿಯಾಗಿ ಹೇಳುತ್ತವೆ, ಮತ್ತು ನಮ್ಮ ಕಾಲೇಜುಗಳಲ್ಲಿ ಕೂಡಿ ಮಾಡುವುದನ್ನು ನಡೆಸಿಕೊಡಲು ಸಾಕಷ್ಟು ಕೈಗಳಿರುವುದು ಹಿರಿಯ ವಿದ್ಯಾರ್ಥಿಗಳಲ್ಲಿ.

ಈಗ ಅತ್ಯಂತ ಗಂಭೀರವಾದ ಆಕ್ಷೇಪಕ್ಕೆ ಬರೋಣ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಿಂತಿವೆ. 2023ರ ನವೆಂಬರಿನಲ್ಲಿ ಅವರು ಸೇವಾ ಕಾಯಮಾತಿಗಾಗಿ ಮುಷ್ಕರಕ್ಕೆ ಕುಳಿತಾಗ ಎಷ್ಟೋ ಕಾಲೇಜುಗಳಲ್ಲಿ ವಾರಗಟ್ಟಲೆ ಪಾಠವೇ ನಡೆಯಲಿಲ್ಲ. ಇಂಥ ಸ್ಥಿತಿಯಲ್ಲಿ ವಿದ್ಯಾರ್ಥಿಗಳಿಂದಲೇ ವಿದ್ಯಾರ್ಥಿಗಳಿಗೆ ಕಲಿಸೋಣ ಎನ್ನುವುದು ಹುದ್ದೆ ಭರ್ತಿ ಮಾಡದ ಸರ್ಕಾರಕ್ಕೆ ನೆಪ ಒದಗಿಸಿದಂತಲ್ಲವೇ? ಈ ಅನುಮಾನ ಸಕಾರಣವಾದದ್ದು. ಮದ್ರಾಸ್ ಪದ್ಧತಿ ಕೆಟ್ಟದ್ದೇ ಆ ದಾರಿಯಲ್ಲಿ. ಆದ್ದರಿಂದ ನಿಯಮ ಖಡಕ್ಕಾಗಿರಬೇಕು. ಮೆಂಟರ್ ಗುಂಪಿನ ಗಂಟೆಯನ್ನು ಯಾವ ಪೇಪರಿನ ಬೋಧನಾ ಅವಧಿಯಲ್ಲೂ ಸೇರಿಸಕೂಡದು, ಅಧ್ಯಾಪಕರ ಕಾರ್ಯಭಾರದಿಂದ ಕಳೆಯಕೂಡದು. ಗುಂಪುಗಳ ಮೇಲ್ವಿಚಾರಣೆಗೆ ಕೂರುವ ಅಧ್ಯಾಪಕರ ಗಂಟೆಯನ್ನು ಕಾರ್ಯಭಾರಕ್ಕೆ ಸೇರಿಸಬೇಕು, ಅವರು ಅತಿಥಿ ಉಪನ್ಯಾಸಕರಾದರೂ ಸರಿ. ಹಾಗೆ ಮಾಡಿದರೆ ಈ ವ್ಯವಸ್ಥೆಗೆ ಅಧ್ಯಾಪಕರ ಅಗತ್ಯ ಹೆಚ್ಚುತ್ತದೆ. ಭೌತಶಾಸ್ತ್ರಕ್ಕೆ ಮೇಷ್ಟ್ರೇ ಇಲ್ಲದ ಕಾಲೇಜಿನಲ್ಲಿ ಮೆಂಟರ್ ಗುಂಪು ನಡೆಯಲಾರದು. ಅಲ್ಲಿ ಮೊದಲು ಬೇಕಾದ್ದು ಮೇಷ್ಟ್ರು, ಅದರಲ್ಲಿ ರಾಜಿಯಿಲ್ಲ. ಆದರೆ ಎಲ್ಲ ಹುದ್ದೆ ತುಂಬಿದ ಮೇಲೆಯೇ ಇದನ್ನು ಶುರುಮಾಡೋಣ ಎಂದರೆ ಈ ವರ್ಷ ಸೇರಿದವಳು ಕಾಯುವುದು ಎಲ್ಲಿಯ ತನಕ? ಹೊಸಬರಿಗೆ ಸೀನಿಯರನ್ನು ಗೊತ್ತುಮಾಡುವ ಏರ್ಪಾಡು ಕಾನ್ಪುರ, ಬಾಂಬೆಯಂಥ ಐಐಟಿಗಳಲ್ಲಿ ವರ್ಷಗಳಿಂದ ಇದೆ. ಅಧ್ಯಾಪಕರ ಕೊರತೆ ಅಷ್ಟಾಗಿ ಇಲ್ಲದ ಕಡೆ ಬೇಕಾದದ್ದು ಕೊರತೆ ಇರುವ ಕಡೆ ಬೇಡವೇ?

ಸೀನಿಯರ್ ತಪ್ಪು ಹೇಳಿಕೊಟ್ಟರೆ ಎಂಬ ಭಯಕ್ಕೆ ಉತ್ತರ ಅವರ ಕೆಲಸದ ಗಡಿಯಲ್ಲೇ ಇದೆ. ಅವರು ಹೊಸ ಪಾಠ ಮಾಡುವುದಿಲ್ಲ. ಆಗಿಹೋದ ಪಾಠದ ಲೆಕ್ಕಗಳನ್ನು ಗುಂಪಿನ ಮುಂದಿಟ್ಟು, ಯಾರು ಎಲ್ಲಿ ನಿಂತರು ಎಂದು ನೋಡುತ್ತಾರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆದುಕೊಂಡು ವಾರದ ಸಭೆಗೆ ಒಯ್ಯುತ್ತಾರೆ. ಹೀಗೆ ಅಧ್ಯಾಪಕರಿಗೂ ತಮ್ಮ ಪಾಠ ಎಲ್ಲಿ ತಲುಪಲಿಲ್ಲ ಎಂಬ ಸುದ್ದಿ ಪ್ರತಿ ವಾರ ಸಿಗುತ್ತದೆ. ಸೀನಿಯರಿನ ಸ್ವಂತ ಓದು ಹಾಳಾಗುತ್ತದೆ ಎಂಬ ಪೋಷಕರ ಆತಂಕಕ್ಕೆ ಇನ್ನೂರು ವರ್ಷದ ಹಿಂದೆಯೇ ಕ್ಯಾಂಬೆಲ್ ಕಂಡದ್ದು ಉತ್ತರವಾಗಬಹುದು: ಹೇಳಿಕೊಡುವವನ ಕಲಿಕೆಯೇ ಗಟ್ಟಿಯಾಗುತ್ತದೆ. ಮುಂದೆ ಬಿಎಡ್, ಎಂಎಸ್ಸಿ ಎಂದು ಹೊರಡುವವರಿಗೆ ಮೊದಲ ವರ್ಷದ ವಿಷಯವನ್ನು ಮತ್ತೊಮ್ಮೆ ಬುಡದಿಂದ ನೋಡುವ ಅವಕಾಶ ಹೊರೆಯಲ್ಲ.

ಸೀನಿಯರ್-ಜೂನಿಯರ್ ಎಂದ ಕೂಡಲೇ ರ‍್ಯಾಗಿಂಗ್ ನೆನಪಾಗುವವರ ಭಯವನ್ನು ತಳ್ಳಿಹಾಕುವಂತಿಲ್ಲ. ಆದರೆ ಇಂದು ಸೀನಿಯರುಗಳ ನೆರವು ಹೇಗೆ ಹರಿಯುತ್ತಿದೆ ಎಂಬುದನ್ನೂ ನೋಡಬೇಕು. ಅದು ಹಾಸ್ಟೆಲ್ ಕೋಣೆಗಳಲ್ಲಿ ಹರಿಯುತ್ತದೆ, ಒಂದೇ ಊರಿನವರ ನಡುವೆ, ಒಂದೇ ಜಾತಿಯವರ ನಡುವೆ, ಹುಡುಗರಿಂದ ಹುಡುಗರಿಗೆ ಹರಿಯುತ್ತದೆ. ಹಳೆಯ ನೋಟ್ಸು, ಪ್ರಶ್ನೆಪತ್ರಿಕೆ, ಪ್ರಾಕ್ಟಿಕಲ್ ಪರೀಕ್ಷೆಯ ಕಿವಿಮಾತು ಎಲ್ಲ ಆ ದಾರಿಯಲ್ಲೇ ಕೈ ಬದಲಿಸುತ್ತವೆ. ಬೆಳಗ್ಗೆ ಬಸ್ಸಿನಲ್ಲಿ ಬಂದು ಮಧ್ಯಾಹ್ನದ ಬಸ್ಸಿಗೆ ಮರಳುವ ಹುಡುಗಿಗೆ ಅದರಲ್ಲಿ ಪಾಲಿಲ್ಲ. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದಲ್ಲಿ ವಿಜ್ಞಾನ ಓದುತ್ತಿದ್ದ 57.2 ಲಕ್ಷ ಮಂದಿಯಲ್ಲಿ 29.8 ಲಕ್ಷ ಹೆಣ್ಣುಮಕ್ಕಳು. ಅರ್ಧಕ್ಕಿಂತ ಹೆಚ್ಚಿನವರನ್ನು ಹೊರಗಿಟ್ಟು ಹರಿಯುವ ನೆರವನ್ನು ಅದರ ಪಾಡಿಗೆ ಬಿಡುವುದು ತಟಸ್ಥತೆಯಲ್ಲ. ಕಾಲೇಜೇ ಗುಂಪು ಮಾಡಿ, ಊರು-ಜಾತಿ ನೋಡದೆ ಆರು ಹೆಸರು ಹಂಚಿ, ತೆರೆದ ತರಗತಿ ಕೋಣೆಯಲ್ಲಿ, ನಿಗದಿತ ಗಂಟೆಯಲ್ಲಿ ಕೂರಿಸಿದರೆ ಹಿರಿಯರಿಗೂ ಕಿರಿಯರಿಗೂ ನಡುವಿನ ಸಂಬಂಧ ಮೊದಲ ದಿನದಿಂದಲೇ ಕೆಲಸದ ಸಂಬಂಧವಾಗುತ್ತದೆ. ಮೆಂಟರುಗಳಲ್ಲಿ ಹೆಣ್ಣುಮಕ್ಕಳ ಪಾಲು ತರಗತಿಯಲ್ಲಿರುವಷ್ಟೇ ಇರಬೇಕು. ದೂರು ಬಂದರೆ ರ‍್ಯಾಗಿಂಗ್ ತಡೆ ಸಮಿತಿ ಇದ್ದೇ ಇದೆ.

ಉಳಿದದ್ದು ಸಮಯ ಮತ್ತು ಹಣ. ನಲ್ಲೂರಿನ, ಜಗಳೂರಿನ ಹಳ್ಳಿಗಳ ಮಕ್ಕಳಿಗೆ ‘ಸಂಜೆ ನಾಲ್ಕರ ಮೇಲೆ ಬನ್ನಿ’ ಎಂದರೆ ಬೇಡ ಎಂದಂತೆಯೇ. ಬಸ್ಸು ತಪ್ಪಿದರೆ ಮುಂದಿನದಕ್ಕೆ ಕತ್ತಲಾಗುತ್ತದೆ, ಮನೆಯಲ್ಲಿ ಅಡಿಕೆ ಕೊಯ್ಲಿನ ಹಂಗಾಮಿದ್ದರೆ ಅದಕ್ಕೂ ಕೈ ಬೇಕು. ಈ ಗಂಟೆ ವೇಳಾಪಟ್ಟಿಯ ನಡುವೆಯೇ, ಲ್ಯಾಬ್ ಬ್ಯಾಚುಗಳ ಬಿಡುವಿನಲ್ಲೇ ಬರಬೇಕು. ಹಣದ ಲೆಕ್ಕ ಹೀಗೆ ಹಾಕಬಹುದು: ಮೊದಲ ವರ್ಷದಲ್ಲಿ 60 ಮಂದಿ ಇರುವ ಕಾಲೇಜಿಗೆ ಹತ್ತು ಮೆಂಟರುಗಳು, ತಯಾರಿಯೂ ಸೇರಿ ವಾರಕ್ಕೆ ಮೂರು ಗಂಟೆ, 16 ವಾರ, ಗಂಟೆಗೆ ನೂರು ರೂಪಾಯಿ. ಒಂದು ಸೆಮಿಸ್ಟರಿಗೆ 48,000 ರೂಪಾಯಿ. ಪುಕ್ಕಟೆ ಸೇವೆ ಎಂದು ಮಾಡಿಸಿದರೆ ಮುಂದೆ ಬರುವವರು ಅನುಕೂಲಸ್ಥರ ಮಕ್ಕಳು ಮಾತ್ರ. ರಜೆಯಲ್ಲಿ ಕೂಲಿಗೆ ಹೋಗಿ ಫೀಸು ಕಟ್ಟುವವನು, ಕಷ್ಟದ ದಾರಿ ಹೇಗಿರುತ್ತದೆಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು, ಹೊರಗುಳಿಯುತ್ತಾನೆ. ತಿಂಗಳಿಗೆ ಸಾವಿರದಿನ್ನೂರು ರೂಪಾಯಿ ಅವನಿಗೆ ಬಸ್ ಪಾಸು, ಪುಸ್ತಕದ ಖರ್ಚು.

ಇದಕ್ಕೆ ಬೆಂಗಳೂರಿನ ಆದೇಶಕ್ಕಾಗಿ ಕಾಯಬೇಕಿಲ್ಲ. 1997ರ ಜಿಲ್ಲಾ ವಿಂಗಡಣೆಗೆ ಮೊದಲು ಶಿವಮೊಗ್ಗಕ್ಕೆ ಸೇರಿದ್ದ ಚನ್ನಗಿರಿ, ಹೊನ್ನಾಳಿ, ಚಿತ್ರದುರ್ಗಕ್ಕೆ ಸೇರಿದ್ದ ಜಗಳೂರು, ಇವೆಲ್ಲ ಇಂದು 2009ರಲ್ಲಿ ಸ್ಥಾಪನೆಯಾದ ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ಯುಜಿಸಿ ನಿಯಮಾವಳಿ ಬಂದದ್ದೂ ಅದೇ ವರ್ಷ. ತನ್ನ ವ್ಯಾಪ್ತಿಯಲ್ಲಿ ಬಿಎಸ್ಸಿ ಇರುವ ನಾಲ್ಕೈದು ಗ್ರಾಮೀಣ ಕಾಲೇಜುಗಳನ್ನು ಆರಿಸಿಕೊಂಡು, ಮಕ್ಕಳು ಅತಿ ಹೆಚ್ಚು ನಪಾಸಾಗುವ ಒಂದೇ ಒಂದು ಪೇಪರಿಗೆ ಎರಡು ಸೆಮಿಸ್ಟರ್ ಈ ಗುಂಪುಗಳನ್ನು ನಡೆಸಿ, ಹಿಂದಿನ ಮೂರು ವರ್ಷದ ಫಲಿತಾಂಶದ ಪಕ್ಕ ಇಟ್ಟು ನೋಡಲು ವಿಶ್ವವಿದ್ಯಾಲಯಕ್ಕೆ ಯಾವ ಅಡ್ಡಿಯೂ ಇಲ್ಲ. ಮೆಂಟರುಗಳಿಗೆ ಎರಡು ದಿನದ ತರಬೇತಿ ಶಿವಗಂಗೋತ್ರಿ ಆವರಣದಲ್ಲೇ ಆಗಬಹುದು. ಹೆಸರು ಬರೆದುಕೊಳ್ಳುವ ಕೆಲಸ ಈ ಸಾಲಿನ ಕೊನೆಯ ಪ್ರಾಕ್ಟಿಕಲ್ ಪರೀಕ್ಷೆ ಮುಗಿಯುವುದರೊಳಗೆ ಆಗಬೇಕು. ಆಮೇಲೆ ಸೀನಿಯರುಗಳು ಊರು ಸೇರಿಬಿಡುತ್ತಾರೆ, ಹೊಸಬರು ಬರುವ ಹೊತ್ತಿಗೆ ಅವರನ್ನು ಹುಡುಕುವವರಿರುವುದಿಲ್ಲ.